ತಾರಸಿಯ ಕೆಳಗಿನ ಕೋಣೆಗೆ ಲಿಕ್ವಿಡ್ ಕೂಲರ್: 240, 280, 360ರಲ್ಲಿ ಯಾವುದು? ಅಥವಾ ಗಾಳಿಯ ಕೂಲರೇ ಸಾಕೇ?

ತಾರಸಿಮನೆ ಅವರ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ವಾಸ್ತುವಿನ್ಯಾಸದ ಕಚೇರಿಗಳಿಗೆ ಕಟ್ಟಡಗಳ ಮೂರು ಆಯಾಮದ ಚಿತ್ರಗಳನ್ನು ಸಿದ್ಧಪಡಿಸಿಕೊಡುವ ಕೆಲಸವನ್ನು ಬೆಂಗಳೂರಿನ ವಿಜಯನಗರದ ನಮ್ಮ ಮನೆಯಿಂದಲೇ ಮಾಡುತ್ತೇನೆ. ಆರು ವರ್ಷ ದುಡಿದ ಹಳೆಯ ಕಂಪ್ಯೂಟರಿಗೆ ವಿಶ್ರಾಂತಿ ಕೊಟ್ಟು, ಬಿಡಿಭಾಗಗಳನ್ನು ಒಂದೊಂದಾಗಿ ಕೊಂಡು ಹೊಸದನ್ನು ನಾನೇ ಜೋಡಿಸುತ್ತಿದ್ದೇನೆ. ಸ್ನೇಹಿತರೊಬ್ಬರು ತಮ್ಮ ಸ್ಟುಡಿಯೋವನ್ನು ಮುಚ್ಚುವಾಗ ಪೆಟ್ಟಿಗೆಯನ್ನೂ ಒಡೆಯದ ರೈಜನ್ 9 7950ಎಕ್ಸ್ ಪ್ರೊಸೆಸರನ್ನು ನನಗೆ ಕಡಿಮೆ ಬೆಲೆಗೆ ಕೊಟ್ಟರು. ಅದರೊಂದಿಗೆ ಆರ್‌ಟಿಎಕ್ಸ್ 4070 ಸೂಪರ್ ಗ್ರಾಫಿಕ್ಸ್ ಕಾರ್ಡ್, 64 ಜಿಬಿ ರ‍್ಯಾಮ್, ಮುಂಭಾಗದಲ್ಲಿ ಜಾಲರಿಯಿರುವ ಮಧ್ಯಮ ಗಾತ್ರದ ಕ್ಯಾಬಿನೆಟ್ ಇವೆಲ್ಲವೂ ಮನೆಗೆ ಬಂದಿವೆ. ಈ ಪ್ರೊಸೆಸರಿನ ಜೊತೆಗೆ ಕಂಪನಿಯವರು ಕೂಲರ್ ಕೊಡುವುದಿಲ್ಲವಾದ್ದರಿಂದ ಅದೊಂದು ಮಾತ್ರ ಬಾಕಿ ಉಳಿದಿದೆ, ಅದರಲ್ಲಿಯೇ ತಲೆ ಕೆಟ್ಟಿದೆ. ಲೋಹದ ರೆಕ್ಕೆಗಳಿಗೆ ಫ್ಯಾನ್ ಗಾಳಿ ಬೀಸುವ ಗಾಳಿಯ ಕೂಲರೋ, ಪಂಪ್ ಕೊಳವೆಗಳಲ್ಲಿ ದ್ರವ ಹರಿಸಿ ರೇಡಿಯೇಟರಿನಲ್ಲಿ ತಣಿಸುವ ಲಿಕ್ವಿಡ್ ಕೂಲರೋ, ಅದಾದರೆ ರೇಡಿಯೇಟರಿನ ಅಳತೆ 240, 280, 360ರಲ್ಲಿ ಯಾವುದು ಎಂದು ತಿಳಿಯುತ್ತಿಲ್ಲ.

ಎಸ್.ಪಿ. ರೋಡಿನ ಮೂರು ಅಂಗಡಿಗಳಲ್ಲಿ ವಿಚಾರಿಸಿದೆ, ಮೂರು ಉತ್ತರಗಳು ಬಂದವು. ಮೊದಲನೆಯವರು, ಪಂಪಿನ ತಲೆಯ ಮೇಲೆ ಚಿತ್ರ ಮೂಡುವ ಪುಟ್ಟ ಪರದೆಯಿರುವ 360ರ ಕೂಲರನ್ನು ತೋರಿಸಿ ಇದಕ್ಕಿಂತ ಕಡಿಮೆಯದನ್ನು ಈ ಪ್ರೊಸೆಸರಿಗೆ ಹಾಕಲೇಬಾರದು ಎಂದರು. ಎರಡನೆಯವರು 240 ಧಾರಾಳವಾಯಿತು ಎಂದರು. ಮೂರನೆಯವರು, ಸ್ವಲ್ಪ ವಯಸ್ಸಾದವರು, ‘ಲಿಕ್ವಿಡ್ ಸಹವಾಸವೇ ಬೇಡ ಸರ್, ದೊಡ್ಡದೊಂದು ಗಾಳಿಯ ಕೂಲರ್ ಹಾಕಿ ಮರೆತುಬಿಡಿ’ ಎಂದು ಟೀ ತರಿಸಿಕೊಟ್ಟರು.

ನನ್ನ ಪರಿಸ್ಥಿತಿ ಹೀಗಿದೆ. ಕೆಲಸದ ಕೋಣೆ ನೇರವಾಗಿ ತಾರಸಿಯ ಕೆಳಗಿದೆ, ಎಸಿ ಇಲ್ಲ. ಮಾರ್ಚ್‌ನಿಂದ ಮೇ ತಿಂಗಳವರೆಗೆ ಸಂಜೆ ಏಳು ಗಂಟೆಗೂ ಒಳಗೆ 33 ಡಿಗ್ರಿ ಇರುತ್ತದೆ. ನನ್ನ ದೊಡ್ಡ ದೃಶ್ಯಗಳು ಗ್ರಾಫಿಕ್ಸ್ ಕಾರ್ಡಿನ 12 ಜಿಬಿ ಮೆಮೊರಿಗೆ ಹಿಡಿಸುವುದಿಲ್ಲವಾದ್ದರಿಂದ ಪ್ರೊಸೆಸರಿನಲ್ಲಿಯೇ ರೆಂಡರ್ ಮಾಡಬೇಕಾಗುತ್ತದೆ (ಅಂದರೆ ದೃಶ್ಯವನ್ನು ಲೆಕ್ಕ ಹಾಕಿ ಚಿತ್ರವಾಗಿಸಬೇಕಾಗುತ್ತದೆ), ಅದೂ ರಾತ್ರಿ ಹತ್ತಕ್ಕೆ ಹಚ್ಚಿ ಬೆಳಗಿನ ಐದರವರೆಗೆ. ಪಕ್ಕದ ಕೋಣೆಯಲ್ಲಿ ಅಮ್ಮ ಮಲಗುತ್ತಾರೆ, ಗೋಡೆ ತೆಳು, ಹಳೆಯ ಯಂತ್ರದ ಸದ್ದಿನ ಬಗ್ಗೆ ಈಗಾಗಲೇ ದೂರು ಇದೆ. ನೀರು ಸೋರಿದರೆ ಎಲ್ಲವೂ ಹೋಗುತ್ತದೆಯೇ, ಪದೇ ಪದೇ ಕರೆಂಟ್ ಹೋಗಿ ಬರುವುದರಿಂದ ಪಂಪಿಗೆ ತೊಂದರೆಯೇ, ಮಳೆಗಾಲದಲ್ಲಿ ಕೊಳವೆಗಳ ಮೇಲೆ ನೀರಹನಿ ಕಟ್ಟುತ್ತದೆಯೇ ಎಂಬ ಸಂದೇಹಗಳೂ ಇವೆ. ಟ್ಯಾಂಕರಿಗೆ ಕಾಯುವ ಊರಿನಲ್ಲಿ ಕಂಪ್ಯೂಟರಿಗೂ ನೀರು ಬೇಕೇ ಎಂದು ಅಮ್ಮ ಕೇಳಿದ್ದಾರೆ. ಅದಕ್ಕೆ ಮಾತ್ರ ನಾನೇ ಉತ್ತರ ಕೊಟ್ಟುಕೊಳ್ಳುತ್ತೇನೆ.

ರೆಂಡರ್‌ಕೋಣೆ ಅವರ ಉತ್ತರ

ಮೂವರು ಅಂಗಡಿಯವರೂ ಸುಳ್ಳು ಹೇಳಿಲ್ಲ. ಆದರೆ ನಿಮ್ಮ ಯಂತ್ರ ಎಷ್ಟು ಹೊತ್ತು, ಎಷ್ಟು ವ್ಯಾಟ್ ಉರಿಯುತ್ತದೆ ಎಂದು ಅವರಲ್ಲಿ ಯಾರೂ ಕೇಳಿಲ್ಲ. ಕೂಲರ್ ಕೊಳ್ಳುವ ಮೊದಲು ಅದನ್ನು ಕೇಳಿಕೊಳ್ಳಬೇಕು.

7950ಎಕ್ಸ್‌ನ ಡಬ್ಬಿಯ ಮೇಲೆ 170 ವ್ಯಾಟ್ ಎಂದು ಬರೆದಿದ್ದರೂ, ಲೆಕ್ಕ ಮಾಡುವ ಎಲ್ಲ 16 ಕೋರ್‌ಗಳೂ ದುಡಿಯುವಾಗ ಅದು 230 ವ್ಯಾಟ್‌ವರೆಗೆ ಎಳೆದುಕೊಳ್ಳಲು ಅನುಮತಿ ಇರುತ್ತದೆ. ಇನ್ನೊಂದು ಸಂಗತಿಯನ್ನು ಅಂಗಡಿಗಳಲ್ಲಿ ಸಾಮಾನ್ಯವಾಗಿ ಯಾರೂ ವಿವರಿಸುವುದಿಲ್ಲ. 2022ರಲ್ಲಿ ಬಂದ ಈ ಸರಣಿಯ ದೊಡ್ಡ ಪ್ರೊಸೆಸರುಗಳನ್ನು, ತಂಪು ಎಷ್ಟಿದೆಯೋ ಅಷ್ಟನ್ನೂ ಬಳಸಿಕೊಂಡು, 95 ಡಿಗ್ರಿ ಮುಟ್ಟುವವರೆಗೂ ವೇಗವನ್ನು ಏರಿಸಿಕೊಳ್ಳುವಂತೆಯೇ ರೂಪಿಸಲಾಗಿದೆ. ಆದ್ದರಿಂದ ಪರದೆಯ ಮೇಲೆ 95 ಎಂದು ಕಾಣಿಸಿದರೆ ಕೂಲರ್ ಸೋತಿತು ಎಂದು ತಿಳಿಯಬೇಕಾಗಿಲ್ಲ. ಸಾಧಾರಣ ಕೂಲರ್ ಇದ್ದರೆ ಅದು 95ರಲ್ಲಿ ಸ್ವಲ್ಪ ನಿಧಾನವಾಗಿ ಓಡುತ್ತದೆ, ಒಳ್ಳೆಯ ಕೂಲರ್ ಇದ್ದರೆ ಹೆಚ್ಚುಕಡಿಮೆ ಅದೇ ಉಷ್ಣತೆಯಲ್ಲಿ ಸ್ವಲ್ಪ ಬೇಗ ಓಡುತ್ತದೆ. ಹೀಗಿರುವಾಗ ‘ಯಾವ ಕೂಲರ್ ಎಷ್ಟು ಡಿಗ್ರಿ ಇಳಿಸುತ್ತದೆ’ ಎಂಬ ಪ್ರಶ್ನೆಗೆ ನಿಮ್ಮ ಮಟ್ಟಿಗೆ ಅರ್ಥ ಕಡಿಮೆ. ಎಷ್ಟು ವ್ಯಾಟ್ ಉರಿಸಲು ನೀವು ಸಿದ್ಧ, ಆ ಶಾಖವನ್ನು ಎಷ್ಟು ಸದ್ದಿನಲ್ಲಿ ಹೊರಹಾಕಬೇಕು ಎಂದು ಕೇಳಿಕೊಳ್ಳಿ.

ಶಾಖ ಚಿಪ್ಪಿನಿಂದ ಹೊರಟು ಕೋಣೆಯ ಗಾಳಿಗೆ ಸೇರುವವರೆಗೆ ಮೂರು ಹೊಸ್ತಿಲುಗಳನ್ನು ದಾಟಬೇಕು. ಮೊದಲನೆಯದು ಸಿಲಿಕಾನಿನಿಂದ ಅದರ ಲೋಹದ ಮುಚ್ಚಳಕ್ಕೆ, ಅಲ್ಲಿಂದ ನಡುವಿನ ಸಂದು ತುಂಬಲು ಹಚ್ಚುವ ಥರ್ಮಲ್ ಪೇಸ್ಟ್ ದಾಟಿ ಕೂಲರಿನ ತಾಮ್ರದ ತಟ್ಟೆಗೆ. ಎರಡನೆಯದು ತಟ್ಟೆಯಿಂದ ದ್ರವಕ್ಕೆ. ಮೂರನೆಯದು ದ್ರವದಿಂದ ರೇಡಿಯೇಟರಿನ ಮೂಲಕ ಗಾಳಿಗೆ. 240, 280, 360 ಎಂಬ ಸಂಖ್ಯೆಗಳು ಈ ಮೂರನೆಯ ಹೊಸ್ತಿಲಿನ ಅಗಲವನ್ನು ಮಾತ್ರ ಹೇಳುತ್ತವೆ. 240 ಎಂದರೆ 120 ಮಿಲಿಮೀಟರಿನ ಎರಡು ಫ್ಯಾನ್, 360 ಎಂದರೆ ಅಂಥವು ಮೂರು, 280 ಎಂದರೆ 140 ಮಿಲಿಮೀಟರಿನ ಎರಡು. ಫ್ಯಾನುಗಳು ಆವರಿಸುವ ಚೌಕಗಳನ್ನು ಲೆಕ್ಕ ಹಾಕಿದರೆ ಕ್ರಮವಾಗಿ 288, 392, 432 ಚದರ ಸೆಂಟಿಮೀಟರ್ ಆಗುತ್ತವೆ. ಅಂದರೆ ಯಾರೂ ಗಮನ ಕೊಡದ 280, ವಿಸ್ತಾರದಲ್ಲಿ 240ಕ್ಕಿಂತ 360ಕ್ಕೇ ಹತ್ತಿರ.

ಆದರೆ ನಿಮ್ಮ ಪ್ರೊಸೆಸರಿನಲ್ಲಿ ಇಕ್ಕಟ್ಟು ಇರುವುದು ಮೊದಲ ಹೊಸ್ತಿಲಿನಲ್ಲಿ. ಅಷ್ಟೂ ಕೋರ್‌ಗಳು ತಲಾ ಸುಮಾರು 70 ಚದರ ಮಿಲಿಮೀಟರಿನ, ಅಂದರೆ ಕಿರುಬೆರಳಿನ ಉಗುರಿನಷ್ಟರ ಎರಡು ತುಣುಕುಗಳಲ್ಲಿ ಕೂತಿವೆ; ಮೇಲಿನ ಲೋಹದ ಮುಚ್ಚಳವೂ ದಪ್ಪ, ಏಕೆಂದರೆ ಹಿಂದಿನ ಎಎಂ4 ಸಾಕೆಟಿನ (ಪ್ರೊಸೆಸರ್ ಕೂರುವ ಗೂಡಿನ) ಕೂಲರುಗಳೇ ಇದಕ್ಕೂ ಹೊಂದಬೇಕೆಂದು ಎತ್ತರವನ್ನು ಹಾಗೆಯೇ ಉಳಿಸಿಕೊಂಡರು. ಬಾಗಿಲು ಕಿರಿದಾದ ಮನೆಗೆ ಅಂಗಳ ಎಷ್ಟು ವಿಶಾಲವಾಗಿದ್ದರೇನು? ನಮ್ಮ ಸ್ಟುಡಿಯೋದಲ್ಲಿ ಇದೇ ಪ್ರೊಸೆಸರಿಗೆ 240 ಮತ್ತು 360 ಎರಡನ್ನೂ ಹಾಕಿ ನೋಡಿದ್ದೇನೆ. ಸುಮಾರು 200 ವ್ಯಾಟ್ ಉರಿಯುವಾಗ, ಫ್ಯಾನುಗಳು ಮಧ್ಯಮ ವೇಗದಲ್ಲಿದ್ದಾಗ, 240ರಲ್ಲಿ ದ್ರವವು ಒಳಬರುವ ಗಾಳಿಗಿಂತ 17 ಡಿಗ್ರಿ ಮೇಲಕ್ಕೆ, 360ರಲ್ಲಿ 11 ಡಿಗ್ರಿ ಮೇಲಕ್ಕೆ ಹೋಗಿ ನಿಂತಿತು. ವ್ಯತ್ಯಾಸ ಆರು ಡಿಗ್ರಿ. ಆದರೆ ಎರಡರಲ್ಲಿಯೂ ದ್ರವಕ್ಕೂ ಚಿಪ್ಪಿಗೂ ನಡುವೆ 40 ಡಿಗ್ರಿಗಿಂತ ಹೆಚ್ಚಿನ ಅಂತರವಿತ್ತು, ಅದನ್ನು ಯಾವ ರೇಡಿಯೇಟರೂ ಕರಗಿಸಲಾರದು.

ಆ ಅಂತರ ಕುಗ್ಗಬೇಕಾದರೆ ವ್ಯಾಟ್ ಕುಗ್ಗಬೇಕು. ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್ ಆದ ಬಯೋಸಿನಲ್ಲಿ ಇಕೋ ಮೋಡ್ ಎಂಬ ಆಯ್ಕೆಯಿದೆ. ಅದನ್ನು 105 ವ್ಯಾಟಿಗೆ ಇಟ್ಟರೆ ಪ್ರೊಸೆಸರಿನ ನಿಜವಾದ ಮಿತಿ 230ರಿಂದ 142 ವ್ಯಾಟಿಗೆ ಇಳಿಯುತ್ತದೆ. ಶಾಖ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಕಡಿಮೆಯಾಗುತ್ತದೆ, ರೆಂಡರಿನ ಸಮಯವಾದರೋ ನಮ್ಮ ದೃಶ್ಯಗಳಲ್ಲಿ ಗಂಟೆಗೆ ಮೂರು ನಾಲ್ಕು ನಿಮಿಷ ಮಾತ್ರ ಹೆಚ್ಚಾಯಿತು. ಕೊನೆಯ 90 ವ್ಯಾಟ್ ತರುವ ಲಾಭ ಅಷ್ಟೇ. ಮೊದಲು ಇದನ್ನು ತೀರ್ಮಾನಿಸಿ, ಆಮೇಲೆ ಕೂಲರನ್ನು ಆರಿಸಿ. ಪರದೆಯಿರುವ ಮಾದರಿಗೆ ಕೊಡುವ ಹೆಚ್ಚಿನ ಹಣವು ಮೇಲೆ ಹೇಳಿದ ಮೂರು ಹೊಸ್ತಿಲುಗಳಲ್ಲಿ ಒಂದಕ್ಕೂ ಸಲ್ಲುವುದಿಲ್ಲ.

ಒಂದೇ ಫ್ಯಾನ್ ಸಾಕು ಅವರ ಉತ್ತರ

ಮೇಲಿನವರು ಹೇಳಿದ್ದನ್ನು ಒಪ್ಪಿಕೊಂಡೇ ಕೇಳುತ್ತೇನೆ: 142 ವ್ಯಾಟಿಗೆ ಇಳಿಸಿದ ಮೇಲೆ ಲಿಕ್ವಿಡ್ ಏಕೆ? ಥರ್ಮಲ್‌ರೈಟಿನ ಪೀರ್‌ಲೆಸ್ ಅಸ್ಯಾಸಿನ್ 120 ಎಸ್‌ಇ, ಡೀಪ್‌ಕೂಲಿನ ಎಕೆ620, ಹಣವಿದ್ದರೆ ನಾಕ್ಟುವಾದ ಎನ್‌ಎಚ್-ಡಿ15, ಇವುಗಳಲ್ಲಿ ಯಾವುದಾದರೂ ಆ ಶಾಖವನ್ನು ಸಲೀಸಾಗಿ ಹೊರಹಾಕುತ್ತದೆ. ಎತ್ತರ ಕ್ರಮವಾಗಿ 155, 160, 165 ಮಿಲಿಮೀಟರ್. ನಿಮ್ಮ ಕ್ಯಾಬಿನೆಟ್ಟಿನ ಪಕ್ಕದ ಗಾಜು ಮುಚ್ಚುತ್ತದೆಯೇ ಎಂದು ಮಾತ್ರ ನೋಡಿಕೊಳ್ಳಿ.

ನನ್ನ ಅನುಭವವನ್ನೂ ಹೇಳಿಬಿಡುತ್ತೇನೆ. ಹಿಂದಿನ ಯಂತ್ರಕ್ಕೆ 240ರ ಲಿಕ್ವಿಡ್ ಕೂಲರ್ ಹಾಕಿದ್ದೆ. ಮೂರನೆಯ ವರ್ಷದಲ್ಲಿ, ಒಂದು ಶುಕ್ರವಾರ ಸಂಜೆ, ಯಾವ ಮುನ್ಸೂಚನೆಯೂ ಇಲ್ಲದೆ ಪಂಪ್ ನಿಂತುಹೋಯಿತು. ಒಂದು ಹನಿಯೂ ಸೋರಲಿಲ್ಲ, ಸದ್ದೂ ಬರಲಿಲ್ಲ. ಯಂತ್ರ ಆನ್ ಆದ ಎರಡು ನಿಮಿಷಕ್ಕೆ ಆಫ್ ಆಗುತ್ತಿತ್ತು, ಅಷ್ಟೇ. ವಾರಂಟಿ ಇತ್ತು, ಆದರೆ ಬದಲಿ ಕೂಲರ್ ಬರಲು ಇಪ್ಪತ್ತಮೂರು ದಿನಗಳಾದವು, ಅಷ್ಟೂ ದಿನ ಗೆಳೆಯನ ಲ್ಯಾಪ್‌ಟಾಪಿನಲ್ಲಿ ಕೆಲಸ ಸಾಗಿಸಿದೆ. ಗಾಳಿಯ ಕೂಲರಿನಲ್ಲಿ ಕೆಡುವುದು ಫ್ಯಾನ್ ಒಂದೇ. ಅದು ಕೆಟ್ಟರೆ ಎಸ್.ಪಿ. ರೋಡಿಗೆ ಹೋಗಿ ಮಧ್ಯಾಹ್ನದೊಳಗೆ ಹೊಸದನ್ನು ತಂದು ಕ್ಲಿಪ್ ಹಾಕಿಕೊಳ್ಳಬಹುದು. ದುಡಿಮೆಯ ಯಂತ್ರಕ್ಕೆ ಈ ಮಾತು ಐದು ಡಿಗ್ರಿಗಿಂತ ದೊಡ್ಡದು ಎಂಬುದು ನನ್ನ ನಂಬಿಕೆ.

ಹೊಳೆಸಾಲು ಅವರ ಉತ್ತರ

ಇಷ್ಟೆಲ್ಲ ಖರ್ಚು ಮಾಡುವವರು ಪೂರ್ತಿ ಕಸ್ಟಮ್ ಲೂಪನ್ನೇ ಏಕೆ ಮಾಡಬಾರದು? ರೇಡಿಯೇಟರ್, ಪಂಪ್, ಟ್ಯಾಂಕ್ ಎಲ್ಲವನ್ನೂ ಬೇರೆಬೇರೆಯಾಗಿ ಕೊಂಡರೆ ಯಾವುದು ಕೆಟ್ಟರೂ ಅದೊಂದನ್ನೇ ಬದಲಾಯಿಸಬಹುದಲ್ಲವೇ?

ಉಷ್ಣಪಾಠ ಅವರ ಉತ್ತರ

ಹೊಳೆಸಾಲು ಅವರೇ, ಬದಲಾಯಿಸಬಹುದು, ನಿಜ. ಆದರೆ ವರ್ಷಕ್ಕೊಮ್ಮೆಯಾದರೂ ದ್ರವವನ್ನು ಬಸಿದು ಹೊಸದನ್ನು ತುಂಬುವ ಶಿಸ್ತು ಬೇಕು. ನಮ್ಮ ಬೋರ್‌ವೆಲ್ಲಿನ ಗಡುಸು ನೀರನ್ನಂತೂ ಅದರ ಹತ್ತಿರವೂ ಸುಳಿಯಗೊಡಬಾರದು. ಗೀಸರಿನ ಕಾಯಿಲಿನ ಮೇಲೆ ಕಟ್ಟುವ ಬಿಳಿ ಪದರ ಕೂದಲೆಳೆಯಷ್ಟು ಸಣ್ಣ ಸೀಳುಗಳಿರುವ ತಾಮ್ರದ ತಟ್ಟೆಯಲ್ಲಿ ಕಟ್ಟಿದರೆ ಕಥೆ ಮುಗಿದಂತೆ. ಒಂದೇ ಸುತ್ತಿನಲ್ಲಿ ಅಲ್ಯೂಮಿನಿಯಂ ಮತ್ತು ತಾಮ್ರ ಸೇರಿದರೆ ಅಲ್ಯೂಮಿನಿಯಂ ಸವೆಯುವ ಭಯವೂ ಇದೆ. ಕಾರ್ಖಾನೆಯಲ್ಲಿಯೇ ಮುಚ್ಚಿ ಕಳಿಸುವ ಕೂಲರುಗಳಲ್ಲಿಯೂ ಬಹುಪಾಲು ಇದೇ ಜೋಡಿ ಇರುತ್ತದೆ, ಆದರೆ ಅಲ್ಲಿ ಗ್ಲೈಕಾಲ್ ಮತ್ತು ಸವೆತ ತಡೆಯುವ ರಾಸಾಯನಿಕ ಬೆರೆಸಿದ ದ್ರವವನ್ನು ತುಂಬಿರುತ್ತಾರೆ. ಹವ್ಯಾಸಕ್ಕೆ ಕಸ್ಟಮ್ ಲೂಪ್ ಸೊಗಸು. ರಾತ್ರಿಯಿಡೀ ದುಡಿದು ಬೆಳಿಗ್ಗೆ ಚಿತ್ರ ಕಳಿಸಬೇಕಾದವರಿಗೆ ಅದನ್ನು ನಾನು ಹೇಳಲಾರೆ.

ಇನ್ನು ಪ್ರಶ್ನೆ ಕೇಳಿದವರಿಗೆ. ನಾನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಉಷ್ಣ ವಿನಿಮಯದ ಪಾಠ ಮಾಡುವವಳು, ಆದ್ದರಿಂದ ಇಲ್ಲಿ ಯಾರೂ ಎತ್ತದ ಎರಡು ಮಾತುಗಳನ್ನು ಹೇಳುತ್ತೇನೆ. ಮೊದಲನೆಯದು ನಮ್ಮ ಊರಿನ ಎತ್ತರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಇಲ್ಲಿಯ ಗಾಳಿ ಕರಾವಳಿಯ ಗಾಳಿಗಿಂತ ಶೇಕಡಾ 10ರಷ್ಟು ತೆಳು. ಫ್ಯಾನ್ ಅದೇ ವೇಗದಲ್ಲಿ ತಿರುಗಿದರೆ ಅಷ್ಟೇ ಘನಗಾತ್ರದ ಗಾಳಿಯನ್ನು ನೂಕುತ್ತದೆ, ಆದರೆ ಶಾಖವನ್ನು ಹೊತ್ತೊಯ್ಯುವುದು ಗಾಳಿಯ ತೂಕವೇ ಹೊರತು ಗಾತ್ರವಲ್ಲ. ನಿಮ್ಮ ಇಡೀ ಯಂತ್ರ 450 ವ್ಯಾಟ್ ಉರಿಸುತ್ತಿದೆ, ಒಳಹೋಗುವ ಗಾಳಿ ಹತ್ತು ಡಿಗ್ರಿ ಬಿಸಿಯಾಗಿ ಹೊರಬರಬೇಕು ಎಂದುಕೊಳ್ಳೋಣ. ಮಂಗಳೂರಿನಲ್ಲಿ ಸೆಕೆಂಡಿಗೆ ಸುಮಾರು 39 ಲೀಟರ್ ಗಾಳಿ ಸಾಕಾದರೆ ಇಲ್ಲಿ ಸುಮಾರು 43 ಲೀಟರ್ ಬೇಕು. ಇದು ಗಾಳಿಯ ಕೂಲರಿಗೂ ರೇಡಿಯೇಟರಿಗೂ ಒಂದೇ ಬಗೆಯ ಸುಂಕ, ಏಕೆಂದರೆ ಲಿಕ್ವಿಡ್ ಕೂಲರ್ ಕೂಡ ಕೊನೆಗೆ ಗಾಳಿಯಿಂದಲೇ ತಣ್ಣಗಾಗಬೇಕು. ಬೇರೆ ದೇಶದ ವಿಮರ್ಶಕರು ಎಸಿ ಕೋಣೆಯಲ್ಲಿ 21 ಡಿಗ್ರಿಯಲ್ಲಿ ಅಳೆದ ಅಂಕಿಗಳಿಗೆ ನಿಮ್ಮ ಕೋಣೆಯ 12 ಡಿಗ್ರಿಯನ್ನೂ ಈ ಸುಂಕವನ್ನೂ ಕೂಡಿಸಿಕೊಂಡು ಓದಿ. ಬೇಸಿಗೆಯ ಲೆಕ್ಕವನ್ನು ಸರಾಸರಿಗೆ ಹಾಕಬೇಡಿ. 2016ರ ಏಪ್ರಿಲ್‌ನಲ್ಲಿ ಈ ಊರು 39.2 ಡಿಗ್ರಿಯನ್ನೂ ಕಂಡಿದೆ.

ಎರಡನೆಯದು ಹೊತ್ತಿನ ವಿಷಯ. ಇಂಥ ಕೂಲರಿನೊಳಗೆ ಕಾಲು ಲೀಟರಿನ ಆಸುಪಾಸು ದ್ರವ ಇದೆಯೆಂದು ಇಟ್ಟುಕೊಂಡರೆ, ಅದನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು ಒಂದು ಕಿಲೋಜೂಲ್ ಬೇಕು. ಅಂದರೆ 200 ವ್ಯಾಟ್ ಸುರಿದು, ಒಂದಿಷ್ಟೂ ಹೊರಹಾಕದಿದ್ದರೂ, ಒಂದು ಡಿಗ್ರಿ ಏರಲು ಐದು ಸೆಕೆಂಡ್ ಹಿಡಿಯುತ್ತದೆ. ರೇಡಿಯೇಟರ್ ಹೊರಹಾಕುತ್ತಲೇ ಇರುವುದರಿಂದ ದ್ರವವು ತನ್ನ ಅಂತಿಮ ಉಷ್ಣತೆಗೆ ಬರಲು ಹತ್ತು ಹದಿನೈದು ನಿಮಿಷಗಳೇ ಬೇಕಾಗಬಹುದು. ಐದು ನಿಮಿಷದ ಪರೀಕ್ಷೆಯಲ್ಲಿ ಲಿಕ್ವಿಡ್ ಕೂಲರುಗಳು ಮೆರೆಯುವುದಕ್ಕೆ ಇದೂ ಒಂದು ಕಾರಣ. ನಿಮ್ಮದು ಏಳು ಗಂಟೆಗಳ ಕೆಲಸ, ಅಲ್ಲಿ ದ್ರವವು ಶಾಖವನ್ನು ಹೀಗೆ ಹಿಡಿದಿಟ್ಟುಕೊಳ್ಳುವ ಅನುಕೂಲ ಮೊದಲ ಕಾಲು ಗಂಟೆಯಲ್ಲಿಯೇ ತೀರಿಹೋಗಿರುತ್ತದೆ. ಆದರೂ ಸದ್ದಿನ ದೃಷ್ಟಿಯಿಂದ ಅದಕ್ಕೊಂದು ಬೆಲೆಯಿದೆ: ಫ್ಯಾನಿನ ವೇಗವನ್ನು ಚಿಪ್ಪಿನ ಉಷ್ಣತೆಗೆ ಕಟ್ಟದೆ ದ್ರವದ ಉಷ್ಣತೆಗೆ ಕಟ್ಟಿದರೆ, ಅದು ಕ್ಷಣಕ್ಷಣಕ್ಕೂ ಏರಿಳಿಯದೆ ಒಂದೇ ಸಮನೆ ತಿರುಗುತ್ತದೆ. ಮಲಗಿದವರನ್ನು ಎಬ್ಬಿಸುವುದು ಸದ್ದಿನ ಪ್ರಮಾಣಕ್ಕಿಂತ ಅದರ ಏರಿಳಿತ.

ಮಳೆಗಾಲದ ಸಂದೇಹ ಬೇಡ. ಗಾಳಿಯಿಂದ ತಣ್ಣಗಾಗುವ ಯಾವುದೂ ಆ ಗಾಳಿಗಿಂತ ತಂಪಾಗಲು ಸಾಧ್ಯವಿಲ್ಲ, ಆದ್ದರಿಂದ ಫ್ರಿಜ್ಜಿನಿಂದ ತೆಗೆದ ಬಾಟಲಿಯ ಮೇಲೆ ಕಟ್ಟುವಂತೆ ಇದರ ಕೊಳವೆಗಳ ಮೇಲೆ ಹನಿ ಕಟ್ಟುವುದಿಲ್ಲ. ಇದೇ ಕಾರಣಕ್ಕೆ ಇನ್ನೊಂದು ಎಚ್ಚರಿಕೆ: ಕೂಲರ್ ಶಾಖವನ್ನು ಪ್ರೊಸೆಸರಿನಿಂದ ಕೋಣೆಗೆ ಸಾಗಿಸುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ರಾತ್ರಿಯಿಡೀ ಅರ್ಧ ಕಿಲೋವ್ಯಾಟಿನ ಇಸ್ತ್ರಿಪೆಟ್ಟಿಗೆ ಹಚ್ಚಿಟ್ಟಂತೆ ಅದು. ನಮ್ಮ ಊರಿನಲ್ಲಿ ಏಪ್ರಿಲಿನಲ್ಲಿಯೂ ನಡುರಾತ್ರಿಯ ಹೊತ್ತಿಗೆ ಹೊರಗಿನ ಗಾಳಿ ತಣ್ಣಗಾಗಿರುತ್ತದೆ, ಕಾದಿರುವುದು ನಿಮ್ಮ ತಾರಸಿ. ಕಿಟಕಿಯೊಂದನ್ನು ತೆರೆದು, ಎದುರಿನ ವೆಂಟಿಲೇಟರಿಗೆ ಒಂದು ಎಕ್ಸಾಸ್ಟ್ ಫ್ಯಾನ್ ಕೂರಿಸಿದರೆ, 240ರಿಂದ 360ಕ್ಕೆ ಏರುವುದರಿಂದ ಸಿಗುವಷ್ಟೇ ಲಾಭ ಅದರಿಂದಲೂ ಸಿಕ್ಕೀತು, ಬೆಲೆಯಂತೂ ಬಹಳ ಕಡಿಮೆ.

ತಾರಸಿಮನೆ ಅವರ ಮರುಬರಹ

ಇಷ್ಟು ವಿವರವಾಗಿ ಬರೆದದ್ದಕ್ಕೆ ಎಲ್ಲರಿಗೂ ಕೃತಜ್ಞ. ಇಂದು ಟೇಪ್ ಹಿಡಿದು ಕೂತಿದ್ದೆ. ಕ್ಯಾಬಿನೆಟ್ಟಿನ ಛಾವಣಿಯಿಂದ ಮದರ್‌ಬೋರ್ಡಿನ ಮೇಲಂಚಿಗೆ 58 ಮಿಲಿಮೀಟರ್ ಇದೆ, ಛಾವಣಿಗೆ 360ರವರೆಗೆ ಹಿಡಿಸುತ್ತದೆ ಎಂದು ಕೈಪಿಡಿ ಹೇಳುತ್ತದೆ, 280 ಹಿಡಿಸುವುದಿಲ್ಲ. ಗಾಳಿಯ ಕೂಲರಿಗೆ 160 ಮಿಲಿಮೀಟರ್ ಎತ್ತರದವರೆಗೆ ಅವಕಾಶವಿದೆ, ಆದರೆ ನನ್ನ ರ‍್ಯಾಮಿಗೆ ಬಣ್ಣದ ದೀಪವಿರುವ ಎತ್ತರದ ಕಿರೀಟ ಇದೆ. ಮುಂದಿನ ಫ್ಯಾನನ್ನು ಅದರ ಮೇಲೆ ಎತ್ತಿ ಕೂರಿಸಿದರೆ ಗಾಜು ಮುಚ್ಚುವುದಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ದೀಪದ ರ‍್ಯಾಮ್ ಕೊಂಡದ್ದಕ್ಕೆ ಈಗ ನನ್ನನ್ನೇ ಬೈದುಕೊಳ್ಳುತ್ತಿದ್ದೇನೆ.

ರೆಂಡರ್‌ಕೋಣೆ ಅವರ ಉತ್ತರ

ಹಾಗಿದ್ದರೆ ಕ್ಯಾಬಿನೆಟ್ಟೇ ನಿಮ್ಮ ಪರವಾಗಿ ಮುಕ್ಕಾಲು ಪಾಲು ತೀರ್ಮಾನ ಮಾಡಿದೆ. 360 ಕೊಳ್ಳಿ, ಆದರೆ ದಪ್ಪ ನೋಡಿ ಕೊಳ್ಳಿ. ಸಾಮಾನ್ಯ ರೇಡಿಯೇಟರ್ 27 ಮಿಲಿಮೀಟರ್, ಫ್ಯಾನ್ 25, ಒಟ್ಟು 52. ನಿಮ್ಮ 58ರೊಳಗೆ ಕೂರುತ್ತದೆ. ಅನೇಕರು ಮೆಚ್ಚುವ ಆರ್ಕ್ಟಿಕ್ ಲಿಕ್ವಿಡ್ ಫ್ರೀಜರ್ 3ರ ರೇಡಿಯೇಟರ್ 38 ಮಿಲಿಮೀಟರ್ ದಪ್ಪ, ಫ್ಯಾನ್ ಸೇರಿ 63, ಅದು ನಿಮ್ಮಲ್ಲಿ ಕೂರುವುದಿಲ್ಲ. ಡಬ್ಬಿಯ ಮೇಲೆ ‘300 ವ್ಯಾಟಿಗೆ ಸೈ’ ಎಂಬಂತೆ ಬರೆದಿರುವುದನ್ನು ನಂಬಿ ಹೋಲಿಸಬೇಡಿ, ಅದನ್ನು ಅಳೆಯಲು ಎಲ್ಲ ಕಂಪನಿಗಳೂ ಒಪ್ಪಿದ ಒಂದು ಮಾನದಂಡವಿಲ್ಲ. ವಾರಂಟಿ ಐದಾರು ವರ್ಷ ಇದೆಯೇ, ಬದಲಿ ಕೊಡುವ ಕೇಂದ್ರ ಬೆಂಗಳೂರಿನಲ್ಲಿಯೇ ಇದೆಯೇ, ಸೋರಿ ಬೇರೆ ಭಾಗ ಹಾಳಾದರೆ ಅದನ್ನೂ ಭರಿಸುತ್ತಾರೆಯೇ ಎಂಬ ಮೂರನ್ನು ಬಿಲ್ ಹಾಕಿಸುವ ಮೊದಲು ಕೇಳಿ ಖಚಿತಪಡಿಸಿಕೊಳ್ಳಿ.

ಸೋರಿಕೆಯ ಭಯ ಇರಬೇಕಾದದ್ದೇ, ಆದರೆ ನಾನು ಜೋಡಿಸಿದ ಯಂತ್ರಗಳಲ್ಲಿ ಕಂಡದ್ದು ಸೋರಿಕೆಯಲ್ಲ. ಪಂಪಿನ ಸಾವು ಮತ್ತು ನಿಧಾನವಾದ ಇಂಗುವಿಕೆ. ರಬ್ಬರಿನ ಕೊಳವೆಗಳ ಗೋಡೆಯ ಮೂಲಕ ನೀರಿನಂಶ ವರ್ಷಗಟ್ಟಲೆ ಕಣ್ಣಿಗೆ ಕಾಣದಂತೆ ಆವಿಯಾಗುತ್ತದೆ, ಆ ಜಾಗವನ್ನು ಗಾಳಿ ತುಂಬುತ್ತದೆ. ಆ ಗಾಳಿ ಸುತ್ತಿನ ಅತಿ ಎತ್ತರದ ಜಾಗದಲ್ಲಿ ಸೇರುವುದರಿಂದ, ಎಲ್ಲಕ್ಕಿಂತ ಮೇಲೆ ಪಂಪ್ ಇರುವಂತೆ ಎಂದಿಗೂ ಜೋಡಿಸಬಾರದು. ಗುಳುಗುಳು ಸದ್ದು ಬಂದು ಪಂಪ್ ಬೇಗ ಸವೆಯುತ್ತದೆ. ರೇಡಿಯೇಟರ್ ಛಾವಣಿಯಲ್ಲಿದ್ದರೆ ಈ ಚಿಂತೆಯೇ ಇಲ್ಲ. ಛಾವಣಿಗೆ ಹಾಕಿದರೆ ಗ್ರಾಫಿಕ್ಸ್ ಕಾರ್ಡಿನ ಬಿಸಿಗಾಳಿ ರೇಡಿಯೇಟರಿಗೆ ಬಡಿಯುತ್ತದೆ ಎಂದು ಕೆಲವರು ಆಕ್ಷೇಪಿಸುತ್ತಾರೆ. ಆಟ ಆಡುವವರಿಗೆ ಆ ಮಾತು ಸರಿ. ನೀವು ಪ್ರೊಸೆಸರಿನಲ್ಲಿ ರೆಂಡರ್ ಮಾಡುವಾಗ ಕಾರ್ಡ್ ಸುಮ್ಮನೆ ಕೂತಿರುತ್ತದೆ, ಆದ್ದರಿಂದ ನಿಮಗೆ ಛಾವಣಿಯೇ ಸರಿ. ಮುಂದಿನ ಫ್ಯಾನುಗಳು ಗಾಳಿಯನ್ನು ಒಳಗೆಳೆಯಲಿ, ಮೇಲಿನವು ಹೊರನೂಕಲಿ.

ಜೋಡಿಸುವಾಗ ತಾಮ್ರದ ತಟ್ಟೆಯ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ತೆಗೆಯಿರಿ. ನಗಬೇಡಿ, ಹದಿನೈದು ವರ್ಷ ಅನುಭವವಿರುವ ನಾನೇ ಒಮ್ಮೆ ಮರೆತು, ಅರ್ಧ ದಿನ ಬಯೋಸನ್ನು ಶಪಿಸಿದ್ದೇನೆ. ಸ್ಕ್ರೂಗಳನ್ನು ಮೂಲೆಯಿಂದ ಎದುರುಮೂಲೆಗೆ, ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ. ಈ ಪ್ರೊಸೆಸರಿನ ಕೋರ್‌ಗಳು ಮುಚ್ಚಳದ ನಟ್ಟನಡುವೆ ಇಲ್ಲದೆ ಒಂದು ಬದಿಗೆ ಸರಿದಿರುವುದರಿಂದ, ಪಂಪನ್ನು ಕೆಲವು ಮಿಲಿಮೀಟರ್ ಆ ಕಡೆಗೆ ಸರಿಸಿ ಕೂರಿಸುವ ಪಟ್ಟಿಯನ್ನು ಕೆಲವು ಕಂಪನಿಗಳು ಕೊಡುತ್ತವೆ. ಇದ್ದರೆ ಅದನ್ನೇ ಬಳಸಿ. ಪಂಪಿನ ವಯರನ್ನು ಮದರ್‌ಬೋರ್ಡಿನಲ್ಲಿ ಪಂಪಿಗೆಂದೇ ಗುರುತಿಸಿದ ಪಿನ್ನುಗಳಿಗೆ ಚುಚ್ಚಿ, ಬಯೋಸಿನಲ್ಲಿ ಅದನ್ನು ಪೂರ್ಣ ವೇಗಕ್ಕೆ ಇಡಿ, ಫ್ಯಾನಿನಂತೆ ಏರಿಳಿಯಲು ಬಿಡಬೇಡಿ. ಪಂಪಿನ ಮೊರೆತ ಕಿವಿಗೆ ಬಿದ್ದರೆ ಮಾತ್ರ ಒಂದೇ ಸ್ಥಿರ ವೇಗಕ್ಕೆ ಸ್ವಲ್ಪ ಇಳಿಸಬಹುದು.

ಕರೆಂಟಿನ ವಿಷಯ ಮರೆತಿದ್ದೆ. ಪಂಪಿಗೆ ಬರುವುದು ಕಂಪ್ಯೂಟರಿನ ಪವರ್ ಸಪ್ಲೈ ಆದ ಎಸ್‌ಎಂಪಿಎಸ್ಸಿನ 12 ವೋಲ್ಟ್, ಬೆಸ್ಕಾಮಿನ ಏರಿಳಿತ ಅದಕ್ಕೆ ನೇರವಾಗಿ ತಟ್ಟುವುದಿಲ್ಲ. ಕರೆಂಟ್ ಹೋದರೆ ಪಂಪ್ ನಿಲ್ಲುವ ಕ್ಷಣದಲ್ಲಿಯೇ ಪ್ರೊಸೆಸರೂ ನಿಲ್ಲುತ್ತದೆ. ನೀವು ನೋಡಿಕೊಳ್ಳಬೇಕಾದದ್ದು ಯುಪಿಎಸ್. ಮನೆಗಳಲ್ಲಿ ಸಾಮಾನ್ಯವಾಗಿರುವ 600 ವಿಎ ಯುಪಿಎಸ್ ಕೊಡುವುದು 360 ವ್ಯಾಟ್ ಮಾತ್ರ. ಪ್ರೊಸೆಸರೂ ಕಾರ್ಡೂ ಒಟ್ಟಿಗೆ ದುಡಿಯುವಾಗ ಕರೆಂಟ್ ಹೋದರೆ ಅದು ಕೈಕೊಡುತ್ತದೆ.

ಒಂದೇ ಫ್ಯಾನ್ ಸಾಕು ಅವರ ಉತ್ತರ

ಸೋತೆ ಎಂದು ಹೇಳುವುದಿಲ್ಲ, ರ‍್ಯಾಮಿನ ಕಿರೀಟ ನನ್ನನ್ನು ಸೋಲಿಸಿತು. ಆದರೂ ಒಂದು ಮಾತು: ಯಾವುದಾದರೂ ಸಣ್ಣ ಗಾಳಿಯ ಕೂಲರೊಂದನ್ನು, ಹಳೆಯದಾದರೂ ಸರಿ, ಕಪಾಟಿನಲ್ಲಿ ಇಟ್ಟುಕೊಳ್ಳಿ. ಎಎಂ4ಕ್ಕೆಂದು ಕೊಂಡ ಹೆಚ್ಚಿನವು ನಿಮ್ಮ ಎಎಂ5 ಬೋರ್ಡಿಗೂ ಹೊಂದುತ್ತವೆ. ಪಂಪ್ ಸತ್ತ ದಿನ ಅದನ್ನು ಹಾಕಿ, ಇಕೋ ಮೋಡನ್ನು 65 ವ್ಯಾಟಿಗೆ ಇಳಿಸಿದರೆ ಪ್ರೊಸೆಸರ್ 88 ವ್ಯಾಟಿನಲ್ಲಿ ಓಡುತ್ತಿರುತ್ತದೆ, ಬದಲಿ ಬರುವವರೆಗೆ ನಿಮ್ಮ ಅನ್ನಕ್ಕೆ ಕುತ್ತಿಲ್ಲ. ಮೂರು ತಿಂಗಳಿಗೊಮ್ಮೆ ಜಾಲರಿಯ ಧೂಳನ್ನೂ ತೆಗೆಯಿರಿ. ನಮ್ಮ ಬೀದಿಗಳಲ್ಲಿ ಯಾವುದಾದರೊಂದು ಮನೆಯನ್ನು ಸದಾ ಕೆಡವುತ್ತಲೋ ಕಟ್ಟುತ್ತಲೋ ಇರುತ್ತಾರೆ, ಸಿಮೆಂಟಿನ ಧೂಳು ಕಟ್ಟಿದ ರೇಡಿಯೇಟರ್ ಕಂಬಳಿ ಹೊದ್ದಂತೆ.

ತಾರಸಿಮನೆ ಅವರ ಮರುಬರಹ

ಹದಿನೆಂಟು ದಿನಗಳ ನಂತರ ಬರೆಯುತ್ತಿದ್ದೇನೆ. ಟೀ ಕೊಡಿಸಿದ ಅಂಗಡಿಯವರ ಬಳಿಯೇ, ಪರದೆಯಿಲ್ಲದ, 27 ಮಿಲಿಮೀಟರ್ ದಪ್ಪದ 360 ಕೊಂಡೆ. ಲಿಕ್ವಿಡ್ ಬೇಡವೆಂದು ಅಷ್ಟು ಹೇಳಿದರೂ ಕೇಳಲಿಲ್ಲವಲ್ಲ ಎಂದು ನಗುತ್ತಲೇ ಬಿಲ್ ಹಾಕಿದರು, ವಾರಂಟಿಯ ಕೇಂದ್ರ ಊರಿನಲ್ಲಿಯೇ ಇರುವುದನ್ನು ನನ್ನೆದುರೇ ಫೋನ್ ಮಾಡಿ ವಿಚಾರಿಸಿದರು. ಪ್ಲಾಸ್ಟಿಕ್ ಹಾಳೆಯನ್ನು ತೆಗೆದೆ.

ಕಳೆದ ವಾರ ಕೋಣೆ 32 ಡಿಗ್ರಿ ಇದ್ದಾಗ ಒಂದೇ ದೃಶ್ಯವನ್ನು ಎರಡು ಬಗೆಯಾಗಿ ರೆಂಡರ್ ಮಾಡಿದೆ. ಮಿತಿ ಹಾಕದೆ ಬಿಟ್ಟಾಗ ಪ್ರೊಸೆಸರ್ ನೀವು ಹೇಳಿದಂತೆಯೇ 95ರ ಅಂಚಿಗೆ ಹೋಗಿ ನಿಂತಿತು, ದ್ರವ 45 ಡಿಗ್ರಿಗೆ ಏರಿತು, ಕೆಲಸ 52 ನಿಮಿಷಕ್ಕೆ ಮುಗಿಯಿತು. 142 ವ್ಯಾಟಿಗೆ ಇಳಿಸಿದಾಗ ಚಿಪ್ಪು 71, ದ್ರವ 40, ಸಮಯ 55 ನಿಮಿಷ. ಮೂರು ನಿಮಿಷಕ್ಕಾಗಿ ಅಷ್ಟೊಂದು ಉರಿಸುವುದರಲ್ಲಿ ಅರ್ಥ ಕಾಣಲಿಲ್ಲವಾದ್ದರಿಂದ ಅಲ್ಲಿಯೇ ಬಿಟ್ಟಿದ್ದೇನೆ. ಫ್ಯಾನುಗಳನ್ನು ದ್ರವದ ಉಷ್ಣತೆಗೆ ಕಟ್ಟಿದ್ದೇನೆ, ನಿಮಿಷಕ್ಕೆ 900 ಸುತ್ತಿನ ಆಸುಪಾಸಿನಲ್ಲಿ ಒಂದೇ ಸಮನೆ ತಿರುಗುತ್ತವೆ.

ಎಕ್ಸಾಸ್ಟ್ ಫ್ಯಾನನ್ನೂ ವೆಂಟಿಲೇಟರಿಗೆ ಕೂರಿಸಿದೆ. ನಡುರಾತ್ರಿಯ ನಂತರ ಕೋಣೆ ಮೊದಲಿಗಿಂತ ಮೂರು ಡಿಗ್ರಿ ಕೆಳಗೆ ಇರುತ್ತದೆ. ಈಗ ಅಮ್ಮನ ದೂರು ಆ ಎಕ್ಸಾಸ್ಟ್ ಫ್ಯಾನಿನ ಸದ್ದಿನ ಮೇಲೆ. ಅದರ ವೇಗ ಇಳಿಸಲು ಸಾಮಾನ್ಯ ರೆಗ್ಯುಲೇಟರ್ ಸಾಕೇ ಎಂದು ತಿಳಿದವರು ಹೇಳಬೇಕು.